ತಲಚೇರಿಯ ಕಡಲ ಮನೆ, ಕೊಡಗಿನ ಗಾಡಿ

(ವಿರಾಜಪೇಟೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಕಡಲೇ ಇಲ್ಲದ ಕೊಡಗಿನಲ್ಲಿ ಕೂತು ಕಡಲ ದಂಡೆಯ ಮನೆಯ ಕತೆ ಯಾಕೆ ಕೇಳಬೇಕು ಅಂತ ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ನನಗೂ ಕೇಳಿಸಿತು. ನ್ಯಾಯವಾದ ಮಾತು. ಅದಕ್ಕೆ ಮೊದಲು ಉಪ್ಪಿನಿಂದ ಶುರು ಮಾಡುತ್ತೇನೆ.

ಕೊಡಗಿನಲ್ಲಿ ಭತ್ತ ಬೆಳೆಯುತ್ತಿತ್ತು, ಏಲಕ್ಕಿ ಇತ್ತು, ಜೇನಿತ್ತು, ಕಾಡುಹಂದಿಗೂ ಬರವಿರಲಿಲ್ಲ. ಉಪ್ಪು ಇರಲಿಲ್ಲ. ತೆಂಗಿನೆಣ್ಣೆ, ಒಣಮೀನು ಇವೂ ಅಷ್ಟೇ, ಕೆಳಗಿನಿಂದಲೇ ಬರಬೇಕು. ನಮ್ಮ ಊರಿನಿಂದ ಪೆರುಂಬಾಡಿ ದಾಟಿ, ಮಾಕುಟ್ಟದ ಕಾಡು ಇಳಿದು, ಕೂಟುಪುಳ, ಇರಿಟ್ಟಿ, ಮಟ್ಟನ್ನೂರು ಹಾದು ಕೇರಳದ ತಲಚೇರಿಗೆ ಹೋಗುವ ದಾರಿ ಇದೆಯಲ್ಲ, ಈಗ ಬಸ್ಸಿನಲ್ಲಿ ಕೂತರೆ ಎಂಬತ್ತು ಚಿಲ್ಲರೆ ಕಿಲೋಮೀಟರು, ಅದೇ ನಮ್ಮ ಉಪ್ಪಿನ ದಾರಿ. ಮಡಿಕೇರಿಯವರಿಗೆ ಸಂಪಾಜೆ ಘಾಟಿಯೂ ಮಂಗಳೂರೂ ಹೇಗೋ, ದಕ್ಷಿಣ ಕೊಡಗಿಗೆ ಇದು ಹಾಗೆ. ಕಡಲು ನಮ್ಮ ಜಿಲ್ಲೆಯಲ್ಲಿ ಇಲ್ಲ ನಿಜ. ನಮ್ಮ ಅಡುಗೆಮನೆಯಲ್ಲಿ ಯಾವಾಗಲೂ ಇತ್ತು.

ನನ್ನ ತಾತ ಈ ದಾರಿಯಲ್ಲಿ ಗಾಡಿ ಹೊಡೆದವರು. ಸ್ವಂತ ಗಾಡಿಯಲ್ಲ, ಸಾಹುಕಾರರದ್ದು. ಎತ್ತುಗಳು ಮಾತ್ರ ತಮ್ಮವೆಂದು ಹೇಳಿಕೊಳ್ಳುತ್ತಿದ್ದರು, ಅದೂ ಅನುಮಾನವೇ. ಇಳಿಯುವಾಗ ಕಾಫಿ, ಕರಿಮೆಣಸು, ಏಲಕ್ಕಿ, ಅಕ್ಕಿ. ಹತ್ತುವಾಗ ಉಪ್ಪು, ತೆಂಗಿನಕಾಯಿ, ಎಣ್ಣೆ, ಬಟ್ಟೆ. ಮೂರು ರಾತ್ರಿಯ ದಾರಿ ಎನ್ನುತ್ತಿದ್ದರು. ಒಂಟಿ ಗಾಡಿ ಹೋಗುತ್ತಿರಲಿಲ್ಲ, ಮಾಕುಟ್ಟದಲ್ಲಿ ಆನೆ ಇತ್ತು, ಈಗಲೂ ಇದೆ. ಹತ್ತು ಹನ್ನೆರಡು ಗಾಡಿ ಸಾಲುಕಟ್ಟಿ, ಕೆಳಗೆ ಲಾಟೀನು ತೂಗುಹಾಕಿ ಇಳಿಯುತ್ತಿದ್ದವಂತೆ. ತಾತನ ಮಾತಿನಲ್ಲಿ ಆನೆಗಿಂತ ಹೆಚ್ಚು ಸಲ ಬರುತ್ತಿದ್ದದ್ದು ತಲಚೇರಿಯ ಒಂದು ಮನೆ. ಗಾಡಿ ಬಿಚ್ಚಿ, ಮೂಟೆ ತೂಗಿಸಿ ಮುಗಿಸಿದ ರಾತ್ರಿ ಆ ಮನೆಯ ಕೆಳ ಜಗಲಿಯಲ್ಲಿ ಮಲಗಿದರೆ ತಲೆಯ ಕೆಳಗೇ ಸಮುದ್ರ ಗುಡುಗಿದ ಹಾಗೆ ಆಗುತ್ತಿತ್ತಂತೆ. ಮೊದಲ ಸಲ ಹೋದಾಗ, ಮಳೆ ಬಂತೆಂದು ಎದ್ದು ಎತ್ತುಗಳನ್ನು ಒಳಗೆ ಕಟ್ಟಿದರಂತೆ. ಆಕಾಶದಲ್ಲಿ ನಕ್ಷತ್ರವಿತ್ತು.

ಆ ಮನೆ ಈಗ ವಸತಿಗೃಹ. ನಾನು ಹೋಗಿ ಎರಡು ರಾತ್ರಿ ದುಡ್ಡು ಕೊಟ್ಟು ಮಲಗಿ ಬಂದೆ. ಅದೇ ಮನೆಯೋ, ಅದರ ಪಕ್ಕದ ಮನೆಯೋ ಎಂದು ಯಾರಾದರೂ ಕೇಳಿದರೆ ಕಾಗದಪತ್ರ ನನ್ನಲ್ಲಿ ಇಲ್ಲ. ತಾತ ಹೇಳಿದ ಗುರುತು ಎಲ್ಲಾ ಇದೆ: ಸಣ್ಣ ದಿಣ್ಣೆ, ಇಪ್ಪತ್ತಮೂರು ಮೆಟ್ಟಿಲು, ಕೆಳಗೆ ಗಾಡಿ ನುಗ್ಗುವಷ್ಟು ಅಗಲದ ಬಾಗಿಲು. ಮನೆಯವರು ಹೆಸರು ಬೇಡವೆಂದಿದ್ದಾರೆ, ನಾನೂ ಹೇಳುವುದಿಲ್ಲ. ಪ್ರಚಾರಕ್ಕೆ ಬಂದವನಲ್ಲ ನಾನು.

ತಲಚೇರಿಯಲ್ಲಿ ಕಡಲಿಗೆ ಮುಖಮಾಡಿ ಇಂಥ ದೊಡ್ಡ ಮನೆಗಳು ಯಾಕೆ ಎದ್ದವು? ನೋಟ ಚೆನ್ನಾಗಿದೆಯೆಂದು ಅಲ್ಲ. ಈಗ ನಾವು ಕಡಲ ನೋಟಕ್ಕೆ ದಿನಕ್ಕೆ ಇಷ್ಟು ಸಾವಿರ ಎಂದು ಕೊಡುತ್ತೇವೆ. ಹಿಂದಿನವರಿಗೆ ಕಡಲು ಎಂದರೆ ಅಂಗಳ, ನಮಗೆ ಕಾಫಿ ಒಣಗಿಸುವ ಕಣ ಇದ್ದ ಹಾಗೆ. ಇಂಗ್ಲಿಷ್ ಕಂಪನಿ ಅಲ್ಲಿ 1708ರಲ್ಲಿ ಕೋಟೆ ಕಟ್ಟಿತು. ಮೆಣಸಿಗಾಗಿ. ಪಕ್ಕದಲ್ಲೇ ಮಾಹೆಯಲ್ಲಿ ಫ್ರೆಂಚರು ಕೂತಿದ್ದರು, ಅವರೂ ಮೆಣಸಿಗಾಗಿ. ಇವತ್ತಿಗೂ ಪ್ರಪಂಚದ ಮಾರುಕಟ್ಟೆಯಲ್ಲಿ ದಪ್ಪ ಕಾಳಿನ ಕರಿಮೆಣಸಿಗೆ ತಲಚೇರಿಯ ಹೆಸರಿನ ದರ್ಜೆಯಿದೆ. ಬೆಳೆದದ್ದು ನಮ್ಮ ಕೊಡಗಿನ ಅಮ್ಮತ್ತಿಯಲ್ಲಾದರೂ ಸರಿ, ಕಾಳು ದಪ್ಪವಿದ್ದರೆ ಅದು ತಲಚೇರಿ! ನಮ್ಮ ಮಗು, ಅವರ ಮನೆತನದ ಹೆಸರು.

ತಲಚೇರಿಯನ್ನು ಬಂದರು ಎನ್ನುತ್ತೇವೆ, ಆದರೆ ಅಲ್ಲಿಗೆ ಹಡಗು ಬಂದು ತಾಗುವ ಕಟ್ಟೆ ಇರಲಿಲ್ಲ. ದಂಡೆಯ ಹತ್ತಿರ ಬಂಡೆಗಳು. ಹಡಗುಗಳು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು. ದೋಣಿಯಲ್ಲಿ ಮೂಟೆ ಹೇರಿ ಅಲೆ ದಾಟಿಸಿ ಒಯ್ಯಬೇಕು. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ. ಅಂದರೆ ಜೂನ್‌ನಿಂದ ಮೂರು ನಾಲ್ಕು ತಿಂಗಳು ಸರಕು ದಂಡೆಯಲ್ಲೇ ಕೊಳೆಯದ ಹಾಗೆ ಇಟ್ಟುಕೊಳ್ಳಬೇಕು. ಮನೆಯ ಗೋಡೆ ಎರಡೂವರೆ ಅಡಿ ದಪ್ಪ ಇರುವುದು, ಕೆಳಗಿನ ಅಂತಸ್ತು ಪೂರ್ತಿ ಪಂಡಿಕಶಾಲೆ, ಅಂದರೆ ಸರಕಿನ ಉಗ್ರಾಣ, ಆಗಿರುವುದು, ಮೇಲೆ ಕಡಲಿಗೆ ತೆರೆಯುವ ಉದ್ದನೆಯ ಮಾಳಿಗೆ ಇರುವುದು, ಎಲ್ಲ ಇದಕ್ಕೇ. ಮೇಲೆ ಕೂತು ಸಾಹುಕಾರ ಯಾವ ಹಡಗು ಬಂತು, ಯಾರ ದೋಣಿ ಮೊದಲು ಹೊರಟಿತು ಎಂದು ನೋಡಬೇಕು. ಈಗ ಅದೇ ಮಾಳಿಗೆಯಲ್ಲಿ ಬೆತ್ತದ ಕುರ್ಚಿ ಹಾಕಿದ್ದಾರೆ. ನಾನೂ ಕೂತಿದ್ದೆ. ಎರಡು ಗಂಟೆಯಲ್ಲಿ ಕಂಡದ್ದು ಮೀನು ಹಿಡಿಯುವ ಯಂತ್ರದೋಣಿಗಳು ಮಾತ್ರ.

ಕಟ್ಟಿದ ಸಾಮಾನು ನೋಡಿದರೆ ಇನ್ನೂ ತಮಾಷೆ. ಗೋಡೆ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ಅಲ್ಲಿಯದೇ. ಗಾರೆ ಸುಣ್ಣದ್ದು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಹಾಕಿ ಅರೆದದ್ದು. ಹೆಂಚು ಬಾಸೆಲ್ ಮಿಷನ್‌ನದು. ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆಗೆದ ಮೇಲೆ ಕರಾವಳಿಯ ಹುಲ್ಲಿನ ಮಾಡುಗಳು ಒಂದೊಂದಾಗಿ ಕೆಂಪಾದವು, ಆಮೇಲೆ ನಮ್ಮವೂ. ಮರ? ತೊಲೆಗಳ ಮೇಲೆ ಕೈಯಾಡಿಸಿ ಕೇಳಿದೆ. ಮನೆಯ ಯಜಮಾನರು ನಕ್ಕು, ‘ಮಾಷೆ (ಮೇಷ್ಟ್ರೇ), ಇದು ನಿಮ್ಮ ಕಡೆಯದೇ’ ಅಂದರು. ಬ್ರಹ್ಮಗಿರಿಯಲ್ಲಿ ಹುಟ್ಟುವ ಬಾರಾಪೊಳೆ ಕೆಳಗಿಳಿದು ವಳಪಟ್ಟಣ ಹೊಳೆಗೆ ಸೇರುತ್ತದೆ. ಕಾಡಿನ ಮರ ನೀರಿನ ಮೇಲೆ ತೇಲಿ ವಳಪಟ್ಟಣಕ್ಕೆ ಹೋಗುತ್ತಿತ್ತು. ಹಾಗೆ ನೋಡಿದರೆ ನಾನು ಆ ರಾತ್ರಿ ಮಲಗಿದ್ದು ಅರ್ಧ ಕೊಡಗಿನ ಕೆಳಗೆ.

ರಾಜಕೀಯವೂ ಇದೇ ದಾರಿಯಲ್ಲಿ ಹತ್ತಿ ಬಂತು. ದೊಡ್ಡ ವೀರರಾಜೇಂದ್ರ 1790ರಲ್ಲಿ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡದ್ದು ಯಾರ ಜೊತೆ? ಮದರಾಸಿನವರ ಜೊತೆ ಅಲ್ಲ, ತಲಚೇರಿಯ ಮುಖ್ಯಸ್ಥ ರಾಬರ್ಟ್ ಟೇಲರ್ ಜೊತೆ. ಮರುವರ್ಷ ಜನರಲ್ ಅಬರ್‌ಕ್ರಾಂಬಿಯ ಸೈನ್ಯ ಕಡಲ ಕಡೆಯಿಂದ ಹತ್ತಿ, ಕೊಡಗಿನ ಮೂಲಕ ಟಿಪ್ಪುವಿನ ಮೇಲೆ ಹೋಯಿತು. ರಾಜ ಮತ್ತು ಜನರಲ್ ಭೇಟಿಯಾದ ನೆನಪಿಗೆ 1792ರಲ್ಲಿ ಕಟ್ಟಿದ ಪೇಟೆಯಲ್ಲೇ ನಾವೀಗ ಕೂತಿದ್ದೇವೆ. ಈ ಊರು ಹುಟ್ಟಿದ್ದೇ ಕೆಳಗಿನಿಂದ ಬಂದ ಅತಿಥಿಯ ಲೆಕ್ಕದಲ್ಲಿ. ಆ ಅತಿಥಿಗಳು ಆಮೇಲೆ 1834ರಲ್ಲಿ ಮನೆಯನ್ನೇ ತೆಗೆದುಕೊಂಡರು ಅನ್ನುವುದು ಬೇರೆ ಕತೆ, ಇವತ್ತು ಬೇಡ.

ಕಾಫಿ ಹೋಗುವಾಗ ಏನಾಗುತ್ತಿತ್ತು ಎನ್ನುವುದನ್ನು ಮಾತ್ರ ಬಿಡಲಾರೆ, ಇಲ್ಲಿ ಬೆಳೆಗಾರರು ಇದ್ದೀರಿ. ಹಾಯಿ ಹಡಗಿನ ಕಾಲದಲ್ಲಿ ಮಲಬಾರಿನ ಕಾಫಿ ಆಫ್ರಿಕದ ಕೊನೆ ಸುತ್ತಿ ಯುರೋಪು ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಹಡಗಿನ ಹೊಟ್ಟೆಯಲ್ಲಿ ಉಪ್ಪುಗಾಳಿ ಕುಡಿದು ಹಸಿರು ಬೀಜ ಉಬ್ಬಿ ಹೊಂಬಣ್ಣಕ್ಕೆ ತಿರುಗುತ್ತಿತ್ತು, ಹುಳಿ ಇಳಿಯುತ್ತಿತ್ತು. ಅಲ್ಲಿಯವರು ಆ ರುಚಿಗೇ ಒಗ್ಗಿದರು. 1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು, ಹಾಯಿ ಹೋಗಿ ಹಬೆ ಬಂತು, ಕಾಫಿ ಬೇಗ ಮುಟ್ಟಿತು. ಹಸಿರಾಗಿಯೇ ಮುಟ್ಟಿತು! ‘ಇದು ನಮ್ಮ ಕಾಫಿ ಅಲ್ಲ’ ಎಂದರಂತೆ ಕೊಳ್ಳುವವರು. ಆಗ ಕರಾವಳಿಯಲ್ಲಿ ಕಾಫಿ ಹದಮಾಡುವ ಕ್ಯೂರಿಂಗ್‌ನವರು ಮಾಡಿದ ಉಪಾಯ ಇವತ್ತಿಗೂ ನಡೆದಿದೆ: ಮಳೆಗಾಲದಲ್ಲಿ ಗೋದಾಮಿನ ಬಾಗಿಲು ಕಿಟಕಿ ತೆರೆದಿಟ್ಟು, ಕಾಫಿಯನ್ನು ನೆಲದ ಮೇಲೆ ಹರಡಿ, ಕುಂಟೆ ಆಡಿಸಿ, ಮುಂಗಾರು ಗಾಳಿಯಲ್ಲಿ ಉಬ್ಬಿಸುವುದು. ಮಾನ್ಸೂನ್ಡ್ ಮಲಬಾರ್ ಎಂದು ಒಳ್ಳೆಯ ಬೆಲೆಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಮಳೆಗೆ ಕಾಫಿ ಉಬ್ಬಿದರೆ ಹೆಂಡತಿ ಬೈಯುತ್ತಾಳೆ, ಅಲ್ಲಿ ಅದಕ್ಕೆ ಹೆಸರಿದೆ.

ಸರಿ, ಮನೆಗೆ ಬರೋಣ.

ನನಗೆ ಮೊದಲು ಅರ್ಥವಾಗದೆ ಇದ್ದದ್ದು ಆ ಮನೆಯಲ್ಲಿ ಇಷ್ಟು ಮಲಗುವ ಕೋಣೆ ಯಾಕೆ ಎನ್ನುವುದು. ಮಹಡಿಯ ಮೇಲೆ ಸಾಲಾಗಿ ಏಳು. ಒಂದೊಂದಕ್ಕೂ ಬೇರೆ ಬಾಗಿಲು, ಒಂದೊಂದಕ್ಕೂ ಕೆತ್ತನೆಯ ಮಂಚ, ಕೆಲವಕ್ಕೆ ಒಳಗೇ ಸ್ನಾನಕ್ಕೆ ಜಾಗ. ವಸತಿಗೃಹಕ್ಕೆಂದೇ ಕಟ್ಟಿದ ಹಾಗೆ! ಮನೆಯ ಉಮ್ಮ ವಿವರಿಸಿದರು. ತಲಚೇರಿ, ಕಣ್ಣೂರು ಕಡೆಯ ಹಳೆಯ ಮಾಪ್ಪಿಳ್ಳೆ (ಮಲಬಾರಿನ ಮುಸ್ಲಿಂ) ಮನೆತನಗಳಲ್ಲಿ ತರವಾಡು, ಅಂದರೆ ಕೂಡುಕುಟುಂಬದ ಮನೆ, ಹೆಣ್ಣಿನದು, ತುಳುನಾಡಿನ ಅಳಿಯಸಂತಾನದ ಹಾಗೆ. ಮದುವೆಯಾದರೆ ಮಗಳು ಮನೆ ಬಿಟ್ಟು ಹೋಗುವುದಿಲ್ಲ. ಅವಳಿಗೊಂದು ಅರೆ, ಅಂದರೆ ಮಲಗುವ ಕೋಣೆ, ಸಿಂಗರಿಸಿ ಕೊಡುತ್ತಾರೆ, ಅಳಿಯ ರಾತ್ರಿ ಬಂದು ಬೆಳಗ್ಗೆ ಹೋಗುತ್ತಾನೆ. ಬರುವ ಅಳಿಯನಿಗೆ ದಿನವೂ ಹಬ್ಬದ ಸತ್ಕಾರ. ಏಳು ಹೆಣ್ಣುಮಕ್ಕಳಿಗೆ ಏಳು ಅರೆ. ಸಂಜೆಯಾದರೆ ಏಳು ಜನ ದೊಡ್ಡ ಮನುಷ್ಯರು ಮೆಟ್ಟಿಲು ಹತ್ತಿ ಬರುತ್ತಾರೆ, ಪ್ರತಿಯೊಬ್ಬರಿಗೂ ಬೇರೆ ತಿಂಡಿ, ಬೇರೆ ಹಾಸಿಗೆ, ಯಾರೂ ಯಾರಿಗೂ ಕಡಿಮೆಯಾಗಬಾರದು. ‘ನಮ್ಮ ಅಜ್ಜಿ ನಡೆಸುತ್ತಿದ್ದದ್ದಕ್ಕಿಂತ ನಾನು ನಡೆಸುವುದು ಸುಲಭ’ ಎಂದರು ಉಮ್ಮ. ‘ಈಗಿನ ಅತಿಥಿಗಳು ಮುನಿಸಿಕೊಂಡರೆ ಮನೆ ಒಡೆಯುವುದಿಲ್ಲ.’

ಇದನ್ನು ಕೇಳಿದ ಮೇಲೆ, ಮನೆ ವಸತಿಗೃಹ ‘ಆಯಿತು’ ಎನ್ನುವ ಮಾತೇ ನನಗೆ ಸರಿಕಾಣಲಿಲ್ಲ. ಕೆಳಗೆ ಗಾಡಿಯವರು, ಮೇಲೆ ಅಳಿಯಂದಿರು, ನಡುವೆ ಹಡಗಿನಿಂದ ಇಳಿದ ಗುಮಾಸ್ತರು. ಮೊದಲಿನಿಂದಲೂ ಅದು ಬರುವವರ ಮನೆ. ಬದಲಾದದ್ದು ದುಡ್ಡು ಯಾವ ಬಾಗಿಲಿನಿಂದ ಒಳಗೆ ಬರುತ್ತದೆ ಎನ್ನುವುದು ಮಾತ್ರ. ಹಿಂದೆ ಸರಕಿಗೆ ದುಡ್ಡು, ಮನುಷ್ಯನಿಗೆ ಜಾಗ ಪುಕ್ಕಟೆ. ಈಗ ಸರಕೇ ಇಲ್ಲ, ಮನುಷ್ಯನೇ ಸರಕು.

ತಲಚೇರಿಯ ಸಾಹುಕಾರರಿಗೆ ಮಲಗುವ ಜಾಗ ಕಟ್ಟಿಸುವ ಹುಚ್ಚು ಎಷ್ಟಿತ್ತೆಂದರೆ, ಅಲ್ಲಿಯ ಕೇಯಿ ಮನೆತನದ ಮಾಯಿನ್‌ಕುಟ್ಟಿ ಕೇಯಿ ಹತ್ತೊಂಬತ್ತನೇ ಶತಮಾನದಲ್ಲಿ ಮಕ್ಕಾದಲ್ಲೇ ಹಜ್ ಯಾತ್ರಿಕರಿಗಾಗಿ ಒಂದು ತಂಗುಮನೆ ಕಟ್ಟಿಸಿದರು. ಕೇಯಿ ರುಬಾತ್ ಎನ್ನುತ್ತಾರೆ. ಮಸೀದಿಯ ವಿಸ್ತರಣೆಗೆ ಆಮೇಲೆ ಅದನ್ನು ಕೆಡವಿದರು, ಪರಿಹಾರದ ಹಣ ಯಾರಿಗೆ ಸೇರಬೇಕೆಂಬ ತಕರಾರು ದಶಕಗಟ್ಟಲೆ ಎಳೆಯಿತು. ಮೆಣಸಿನ ದುಡ್ಡು ಎಲ್ಲೆಲ್ಲಿ ಹೋಗಿ ಛಾವಣಿಯಾಯಿತು ನೋಡಿ.

ಹಾಗಾದರೆ ಈ ಮನೆಗಳಿಗೆ ಗ್ರಹಣ ಹಿಡಿದದ್ದು ಯಾವಾಗ? ಒಂದು ದಿನದಲ್ಲಲ್ಲ. 1907ರ ಹೊತ್ತಿಗೆ ರೈಲು ಕರಾವಳಿಯುದ್ದಕ್ಕೂ ಹೋಗಿ ಮಂಗಳೂರು ಮುಟ್ಟಿತು. ದೋಣಿಗೆ ಕಾಯಬೇಕಾದ ಸರಕು ರೈಲು ಹತ್ತಿತು. ತಲಚೇರಿಯವರು ಸುಮ್ಮನಿರಲಿಲ್ಲ, 1910ರಲ್ಲಿ ಕಡಲೊಳಗೆ ಚಾಚಿದ ಸೇತುವೆ ಕಟ್ಟಿದರು, ಕಡಲ್‌ಪಾಲಂ. ಅದರ ಮೇಲೆ ಟ್ರಾಲಿಯಲ್ಲಿ ಸರಕು ತಳ್ಳಿಕೊಂಡು ಹೋಗಿ ದೋಣಿಗೆ ಇಳಿಸುವುದು. ತಾತ ಅದನ್ನು ಕಂಡಿದ್ದರು, ‘ಕಡಲಿಗೆ ಹಾಕಿದ ಏಣಿ’ ಎನ್ನುತ್ತಿದ್ದರು. ಈಗ ತುಕ್ಕು ತಿಂದು ನಿಂತಿದೆ, ಸಂಜೆ ಹೊತ್ತು ಜನ ಎದುರು ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಆದರೆ 1928ರಲ್ಲಿ ಕೊಚ್ಚಿಯಲ್ಲಿ ರಾಬರ್ಟ್ ಬ್ರಿಸ್ಟೋ ಅಳಿವೆಯ ಮರಳದಿಣ್ಣೆ ಕಡಿಸಿ, ದೊಡ್ಡ ಹಡಗೇ ಒಳಗೆ ಬಂದು ನಿಲ್ಲುವ ಹಾಗೆ ಮಾಡಿದ. ಮಳೆಗಾಲದಲ್ಲೂ! ಹೊರಗೆ ಲಂಗರು ಹಾಕಿಸುವ ಸಣ್ಣ ಬಂದರುಗಳ ಆಯುಸ್ಸು ಅಲ್ಲಿಗೆ ಮುಗಿಯಿತು ಅಂತ ನನ್ನ ಲೆಕ್ಕ. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ತೆರೆದಾಗ ನಮ್ಮ ಕಾಫಿಗೂ ದಾರಿ ಆ ಕಡೆ ತಿರುಗಿತು.

ಹೊರಗೆ ಬಂದರು ಹೋಯಿತು, ಒಳಗೆ ಮನೆ ಒಡೆಯಿತು. ಮಾಪ್ಪಿಳ್ಳೆ ಮರುಮಕ್ಕತ್ತಾಯದ (ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಪದ್ಧತಿಯ) ಬಗ್ಗೆ ಮದರಾಸು ಸರ್ಕಾರ 1939ರಲ್ಲಿ ಜಾರಿಗೆ ತಂದ ಕಾಯಿದೆಯಿಂದ ತರವಾಡಿನ ಆಸ್ತಿ ಪಾಲು ಕೇಳಬಹುದು ಎಂದಾಯಿತು. ನೂರು ಜನರ ಮನೆಯಲ್ಲಿ ನೂರು ಪಾಲು. 1970ರಿಂದ ಕೇರಳದ ಭೂಸುಧಾರಣೆ, ಗೇಣಿಯ ಅಕ್ಕಿ ನಿಂತಿತು. ಅದೇ ದಶಕದಲ್ಲಿ ಗಲ್ಫ್. ಹುಡುಗರು ಹೋದರು, ದುಡ್ಡು ಕಳಿಸಿದರು, ಆ ದುಡ್ಡಿನಲ್ಲಿ ರಸ್ತೆ ಬದಿಯಲ್ಲಿ ಕಾಂಕ್ರೀಟಿನ ಹೊಸ ಮನೆ ಎದ್ದಿತು. ಕಡಲ ಮನೆಗೆ ಸುಣ್ಣ ಬಳಿಯುವವರಿಲ್ಲ. ಉಪ್ಪುಗಾಳಿ ಗೊತ್ತಲ್ಲ: ಮೊಳೆ ತುಕ್ಕು, ಬಿಜಾಗರಿ ತುಕ್ಕು, ಎರಡು ವರ್ಷ ಬಣ್ಣ ತಪ್ಪಿದರೆ ಕಿಟಕಿ ಕೈಗೇ ಬರುತ್ತದೆ. ನಮ್ಮಲ್ಲಿ ಬೂಸು ತಿನ್ನುವ ಕೆಲಸವನ್ನು ಅಲ್ಲಿ ಉಪ್ಪು ಮಾಡುತ್ತದೆ. ಎಷ್ಟೋ ಮನೆಗಳನ್ನು ಮರಕ್ಕಾಗಿ ಬಿಚ್ಚಿ ಮಾರಿದರು. ತೊಲೆ ಕಂಬಗಳೆಲ್ಲ ಲಾರಿ ಹತ್ತಿ ಹೋದವು, ರೆಸಾರ್ಟುಗಳ ಅಲಂಕಾರಕ್ಕೆ. ಅದರಲ್ಲಿ ಕೆಲವು ತಿರುಗಿ ಇದೇ ಘಾಟಿ ಹತ್ತಿ ಕೊಡಗಿಗೂ ಬಂದಿವೆ ಎಂದು ನನಗೆ ಗುಮಾನಿ.

ಈ ಮನೆ ಉಳಿದದ್ದು ಉಮ್ಮನ ಹಠದಿಂದ. ಪಾಲುದಾರರಿಗೆ ಕಂತಿನಲ್ಲಿ ದುಡ್ಡು ಕೊಟ್ಟು, ಮೂರು ಅರೆ ಸರಿಪಡಿಸಿ, ಮೊದಲ ಅತಿಥಿಗಳನ್ನು ಇಳಿಸಿಕೊಂಡರು. ಏನು ಬದಲಾಯಿಸಿದಿರಿ ಎಂದು ಕೇಳಿದೆ. ಸಂಡಾಸು, ಎಂದರು. ಮನೆ ಖರ್ಚಿನ ಮುಕ್ಕಾಲು ಪಾಲು ಸಂಡಾಸಿಗೇ ಹೋಯಿತಂತೆ. ಎರಡೂವರೆ ಅಡಿ ದಪ್ಪದ ಮುರಕಲ್ಲಿನ ಗೋಡೆಯಲ್ಲಿ ಕೊಳವೆ ಹಾಯಿಸುವುದು, ಮರದ ಮಹಡಿಯ ಮೇಲೆ ನೀರು ನಿಲ್ಲದ ಹಾಗೆ ನೆಲ ಮಾಡುವುದು ಇವನ್ನು ಯಾವ ಮೇಸ್ತ್ರಿಗೂ ಕಲಿಸಿರುವುದಿಲ್ಲ. ಇಲ್ಲಿ ಹೋಮ್‌ಸ್ಟೇ ನಡೆಸುವವರು ತಲೆಯಾಡಿಸುತ್ತಿದ್ದೀರಿ, ನಿಮಗೆ ಗೊತ್ತು. ಇತಿಹಾಸ ಇತಿಹಾಸ ಎಂದು ನಾವು ಮೇಷ್ಟ್ರುಗಳು ಕೂಗುತ್ತೇವೆ. ಹಳೆಯ ಮನೆಯನ್ನು ಉಳಿಸುವುದು ಕೊನೆಗೆ ಪ್ಲಂಬರ್.

ಅದೇ ಊರಿನಲ್ಲಿ ಇನ್ನೊಂದು ಮನೆ ನೋಡಿದೆ, ಇಲ್ಲಿಕುನ್ನಿನ ಬಂಗಲೆ. 1839ರಲ್ಲಿ ಹರ್ಮನ್ ಗುಂಡರ್ಟ್ ಅಲ್ಲಿ ಬಂದು ಕೂತರು. ಮಲಯಾಳದ ನಿಘಂಟು ಮಾಡಿದವರು, 1847ರಲ್ಲಿ ಅಲ್ಲಿಂದಲೇ ಮಲಯಾಳದ ಮೊದಲ ಪತ್ರಿಕೆ ಹೊರಡಿಸಿದವರು. ಅವರ ಗೆಳೆಯ ಯಾರು ಗೊತ್ತೇ? ನಮ್ಮ ಹರ್ಮನ್ ಮೋಗ್ಲಿಂಗ್, ಮಂಗಳೂರ ಸಮಾಚಾರದ ಮೋಗ್ಲಿಂಗ್, ಆಮೇಲೆ ಕೊಡಗಿಗೆ ಬಂದು ಈ ನಾಡಿನ ಬಗ್ಗೆ ಪುಸ್ತಕ ಬರೆದವರು. ಗುಂಡರ್ಟರ ಮಗಳು ಮೇರಿ ಹುಟ್ಟಿದ್ದು ತಲಚೇರಿಯಲ್ಲಿ, 1842ರಲ್ಲಿ. ಆಕೆಯ ಮಗ ಹರ್ಮನ್ ಹೆಸ್ಸೆ, ಮುಂದೆ ನೊಬೆಲ್ ಪಡೆದವನು. ಆ ಬಂಗಲೆ ಈಗ ವಸ್ತುಸಂಗ್ರಹಾಲಯ. ಚೆನ್ನಾಗಿ ಇಟ್ಟಿದ್ದಾರೆ, ದೂರಲಾರೆ. ಆದರೂ ನನಗೆ, ಕುರ್ಚಿಯ ಮುಂದೆ ಹಗ್ಗ ಕಟ್ಟಿದ ಮನೆಗಿಂತ ಕುರ್ಚಿಯ ಬೆತ್ತ ಹರಿದುಹೋಗುವಷ್ಟು ಜನ ಕೂರುವ ಮನೆಯೇ ಇಷ್ಟ. ನಮ್ಮ ಮಡಿಕೇರಿ ಕೋಟೆಯೊಳಗಿನ ಚರ್ಚು ಮ್ಯೂಸಿಯಂ ಆಗಿದೆಯಲ್ಲ, ಒಳಗೆ ಹೋದರೆ ಯಾರಾದರೂ ಜೋರಾಗಿ ಕೆಮ್ಮಿದರೂ ಕಾವಲಿನವರು ತಿರುಗಿ ನೋಡುತ್ತಾರೆ.

ಈಗ ನಮ್ಮ ಮೇಲಿನ ತುದಿಗೆ ಬರುತ್ತೇನೆ. ದಾರಿಗೆ ಎರಡು ತುದಿ ಇರುತ್ತದಲ್ಲ.

ಕೊಡಗಿನಲ್ಲಿ ಯುರೋಪಿಯನ್ನರ ಕಾಫಿ ತೋಟ ಶುರುವಾದದ್ದು 1854ರಲ್ಲಿ, ಮಡಿಕೇರಿಯ ಹತ್ತಿರ, ಫೌಲರ್ ಎಂಬವರಿಂದ. ಮರುವರ್ಷ ಸಂಪಾಜೆ ಘಾಟಿಯಲ್ಲಿ ಮನ್, ಅದರ ಮರುವರ್ಷ ನಮ್ಮ ಪೆರುಂಬಾಡಿ ಘಾಟಿಯಲ್ಲಿ ಡಾಕ್ಟರ್ ಮ್ಯಾಕ್ಸ್‌ವೆಲ್. 1857ರಲ್ಲಿ ಆನಂದಪುರದಲ್ಲಿ ತೋಟ ಮಾಡಿದ ಕೌಂಡಿನ್ಯರು ದೊರೆಗಳಲ್ಲ, ಮಂಗಳೂರಿನವರು, ಕ್ರೈಸ್ತರಾದ ಸಾರಸ್ವತರು. ಆಗ ಎದ್ದ ಬಂಗಲೆಗಳು ಒಬ್ಬ ದೊರೆ, ಒಬ್ಬಳು ದೊರೆಸಾನಿ, ಎರಡು ನಾಯಿಗಾಗಿ ಕಟ್ಟಿದವು. ಆದರೆ ಕೋಣೆ ಮಾತ್ರ ಐದಾರು. ಯಾಕೆಂದರೆ ತೋಟದಿಂದ ತೋಟಕ್ಕೆ ಕುದುರೆ ಮೇಲೆ ಬಂದವನು ಕತ್ತಲಾದರೆ ಅಲ್ಲೇ ಉಳಿಯಬೇಕು, ಮಳೆ ಹಿಡಿದರೆ ವಾರ ಉಳಿಯಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರು ಮೀರಿ ಸುರಿಯುತ್ತದೆ. ಅತಿಥಿ ಕೋಣೆ ಇಲ್ಲಿ ಭೋಗವಲ್ಲ, ಅನಿವಾರ್ಯ. ಕಾಂಡಕೊರಕ ಬಂದು 1860ರ ದಶಕದಲ್ಲಿ ಎಷ್ಟೋ ತೋಟ ಹಾಳುಬಿದ್ದವು, ಆಮೇಲೆ ಎಲೆ ತುಕ್ಕು ರೋಗ. ದೊರೆಗಳು ಮಾರಿ ಹೋದರು, ಬಂಗಲೆಗಳು ಕಂಪನಿಗಳ ಕೈಗೆ, ನಮ್ಮವರ ಕೈಗೆ ಬಂದವು. ಪೊಲಿಬೆಟ್ಟದ ಕಡೆ ಅಂಥ ಬಂಗಲೆಗಳಲ್ಲೇ ಈಗ ಪ್ರವಾಸಿಗರು ಇಳಿಯುತ್ತಾರೆ.

ಕೊಡವರ ಕುಲದ ಹಿರಿಮನೆಯಾದ ಐನ್‌ಮನೆಯ ಕತೆ ಹಾಗಲ್ಲ. ‘ನಮ್ಮ ಐನ್‌ಮನೆಯನ್ನೂ ಹೋಮ್‌ಸ್ಟೇ ಮಾಡಿದರೆ ಹೇಗೆ?’ ಎಂದು ಹೋದ ವರ್ಷ ಒಬ್ಬ ಹುಡುಗ ಕೇಳಿದ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ, ಮನೆ ಕುಸಿಯುತ್ತಿದೆ ಎಂಬ ಸಂಕಟದಿಂದಲೇ ಕೇಳಿದ. ನಾನು ಅವನಿಗೆ ಅರ್ಧ ದಿನ ಹೇಳಿದ್ದನ್ನು ನಿಮಗೆ ಎರಡು ನಿಮಿಷದಲ್ಲಿ ಹೇಳುತ್ತೇನೆ. ಓಣಿಯಲ್ಲಿ ನಡೆದು ಬಂದರೆ ಮೆಟ್ಟಿಲು, ಕೈಯಾಲೆ ಎಂಬ ಜಗಲಿ, ಕಂಬಗಳ ನಡುವೆ ಐಮರ ಎಂಬ ಕೂರುವ ಹಲಗೆ. ಬಂದವನು ಯಾರೇ ಆಗಲಿ ಐಮರದ ಮೇಲೆ ಕೂರಬಹುದು, ಕುಡಿಯಲು ಕೇಳಬಹುದು. ಅಲ್ಲಿಯವರೆಗೆ ಮನೆ ಅತಿಥಿಯದು. ಒಳಗೆ ನೆಲ್ಲಕ್ಕಿ ಎಂಬ ನಡುಮನೆ, ಅಲ್ಲಿ ದೀಪ, ಕನ್ನಿಕೋಂಬರೆ ಎಂಬ ಕೋಣೆಯಲ್ಲಿ ಹಿರಿಯರು, ಹೊರಗೆ ಹಿರಿಯರ ಗುಡಿ ಕೈಮಡ. ಒಳಗಿನದು ಒಕ್ಕದ್ದು, ಅಂದರೆ ಇಡೀ ಕುಲದ್ದು. ಕುಲದ ಮುಖ್ಯಸ್ಥ ಪಟ್ಟೆದಾರನಿಗೂ ಅದು ಸ್ವಂತವಲ್ಲ, ದುಬೈಯಲ್ಲಿರುವ ತಮ್ಮನ ಮಗನಿಗೂ ಅಷ್ಟೇ ಹಕ್ಕು. ಕೋಣೆಗಳು ಚಿಕ್ಕವು, ಕತ್ತಲು, ಭತ್ತ ಮತ್ತು ಮನುಷ್ಯರು ಒಟ್ಟಿಗೆ ಬೆಚ್ಚಗಿರಲು ಕಟ್ಟಿದವು. ತಲಚೇರಿಯ ಮನೆ ಹೊರಗಿನಿಂದ ಬರುವ ಅಳಿಯನಿಗಾಗಿ ಬಾಗಿಲು ಇಟ್ಟುಕೊಂಡಿತು, ನಮ್ಮದು ಒಳಗಿನ ಹಿರಿಯನಿಗಾಗಿ ಬಾಗಿಲು ಮುಚ್ಚಿಕೊಂಡಿತು. ಎರಡೂ ಸರಿಯೇ. ಆದರೆ ಒಂದನ್ನು ಬಾಡಿಗೆಗೆ ಕೊಡಬಹುದು, ಇನ್ನೊಂದನ್ನು ಕೊಟ್ಟರೆ ಕಾರೋಣರು, ಕುಲದ ಆ ಹಿರಿಯರು, ಎಲ್ಲಿ ಮಲಗಬೇಕು? ಪಕ್ಕದ ಬಾಣೆ ಜಮೀನಿನಲ್ಲಿ ಎರಡು ಕೋಣೆ ಕಟ್ಟು, ಐಮರದವರೆಗೆ ಕರೆದುಕೊಂಡು ಬಾ, ಕತೆ ಹೇಳು, ಆ ದುಡ್ಡಿನಲ್ಲಿ ಮಾಡಿಗೆ ಹೆಂಚು ಹೊದಿಸು ಎಂದೆ. ಈಗ ಹಾಗೆಯೇ ಮಾಡುತ್ತಿದ್ದಾನೆ.

ಹೋಮ್‌ಸ್ಟೇ ನಮ್ಮಲ್ಲಿ ಇಷ್ಟು ಹಬ್ಬಿದ್ದು ಯಾಕೆ ಎನ್ನುವುದಕ್ಕೆ ಪ್ರವಾಸೋದ್ಯಮದವರು ಹವೆ, ಮಂಜು, ಜಲಪಾತ ಎನ್ನುತ್ತಾರೆ. ಮಂಜು ಮೊದಲೂ ಇತ್ತು. ನಾನು ಕಾಫಿಯ ಬೆಲೆ ಎನ್ನುತ್ತೇನೆ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಮುರಿದುಬಿತ್ತು. ಬೆಳೆಯನ್ನೆಲ್ಲ ಕಾಫಿ ಬೋರ್ಡಿಗೇ ಒಪ್ಪಿಸುವ ಪೂಲ್ ಪದ್ಧತಿಯಲ್ಲಿ ಪಾಯಿಂಟಿಗಿಷ್ಟು ಎಂದು ಕಂತುಕಂತಾಗಿ ದುಡ್ಡು ಬರುತ್ತಿದ್ದ ಕಾಲ ಸಡಿಲವಾಗುತ್ತ 1996ಕ್ಕೆ ಪೂರ್ತಿ ಮುಗಿಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಕವಿದು ಅವರ ಗಿಡ ಸುಟ್ಟವು, ನಮಗೆ ಎಂದೂ ಕಾಣದ ಬೆಲೆ ಬಂತು. ನೆನಪಿದೆಯಲ್ಲ? ಆ ಎರಡು ಮೂರು ವರ್ಷದಲ್ಲಿ ಕೊಡಗಿನಲ್ಲಿ ಎಷ್ಟು ಹೊಸ ಮನೆ ಎದ್ದವು! ನಾಲ್ಕು ಜನರ ಕುಟುಂಬಕ್ಕೆ ಆರು ಮಲಗುವ ಕೋಣೆ, ಕೆಂಪು ಆಕ್ಸೈಡಿನ ಜಾಗಕ್ಕೆ ಗ್ರಾನೈಟು. 2001ರ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಮಕ್ಕಳು ಬೆಂಗಳೂರಿಗೆ ಹೋದರು. ಕೋಣೆ ಉಳಿದವು. ತಲಚೇರಿಯಲ್ಲಿ ಸಾಹುಕಾರಿಕೆ ಹೋಗಿ ಅರೆಗಳು ಖಾಲಿಯಾದ ಹಾಗೆ, ಘಾಟಿಯ ಮೇಲೆ ಕಾಫಿ ಬಿದ್ದು ಕೋಣೆಗಳು ಖಾಲಿಯಾದವು. ಒಂದೇ ದಾರಿಯಲ್ಲಿ ಸರಕು ಹೋಗುವುದು ನಿಂತಾಗ ಅದರ ಎರಡು ತುದಿಯ ಮನೆಗಳೂ ಅತಿಥಿಗಳಿಗಾಗಿ ಬೋರ್ಡು ಹಾಕಿದವು. ನಾನು ಇವತ್ತು ಹೇಳಬೇಕೆಂದು ಬಂದದ್ದು ಇಷ್ಟೇ, ಉಳಿದದ್ದೆಲ್ಲ ಇದರ ಸುತ್ತಿನ ಹರಟೆ.

ಒಂದು ದೂರು ಮಾತ್ರ ಹೇಳಿಬಿಡುತ್ತೇನೆ, ಸಿಟ್ಟಾಗಬೇಡಿ. ಹದಿನೈದು ವರ್ಷದ ಹಿಂದೆ ಕಟ್ಟಿದ ಕಟ್ಟಡಕ್ಕೆ ‘ಹೆರಿಟೇಜ್’ ಎಂದು ಬೋರ್ಡು. ಹೋಮ್‌ಸ್ಟೇ ಎಂದಮೇಲೆ ಮನೆಯವರು ಆ ಮನೆಯಲ್ಲಿ ಇರಬೇಕು ಎನ್ನುವುದು ನಿಯಮ. ಈಗ ಎಷ್ಟೋ ಕಡೆ ಯಜಮಾನರು ಬೇರೆ ಊರಿನಲ್ಲಿ, ಬೀಗದ ಕೈ ತೋಟದ ರೈಟರ (ಗುಮಾಸ್ತರ) ಹತ್ತಿರ. ಅತಿಥಿ ಬಂದು ಗೇಟಿನ ಹೊರಗೆ ನಿಂತು ಫೋನು ಮಾಡುತ್ತಾನೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ನಾವು ನೋಡಿದೆವಲ್ಲ, ಮನೆಯವರು ಇದ್ದಲ್ಲಿ ಅತಿಥಿಗಳನ್ನು ಕೈಹಿಡಿದು ದಾಟಿಸಿದರು. ಯಾರೂ ಇಲ್ಲದಿದ್ದಲ್ಲಿ ಅವರಿಗೆ ದಾರಿ ಹೇಳುವವರೂ ಇರಲಿಲ್ಲ.

ಅತಿಥಿಗಳ ಪುಸ್ತಕದ ಬಗ್ಗೆಯೂ ಗೊಣಗುತ್ತೀರಿ: ಹೆಸರು ಬರೆಸಿಕೊಳ್ಳಬೇಕು, ಗುರುತಿನ ಚೀಟಿ ನೋಡಬೇಕು, ವಿದೇಶದವರಾದರೆ ಅವರ ವಿವರವನ್ನು ಸರ್ಕಾರಕ್ಕೆ ತಿಳಿಸಬೇಕು. ಇದು ಹೊಸ ಕಿರಿಕಿರಿ ಅಲ್ಲ. ಬ್ರಿಟಿಷರು 1867ರಲ್ಲೇ ಸರಾಯಿ ಕಾಯಿದೆ ಮಾಡಿ ತಂಗುಮನೆಗಳನ್ನು ನೋಂದಾಯಿಸಿ ಎಂದಿದ್ದರು. ಸಾರಾಯಿ ಅಲ್ಲ, ಸರಾಯಿ. ಒಮ್ಮೆ ಕಾಲೇಜಿನಲ್ಲಿ ಪಾಠ ಮಾಡುವಾಗ ಇಡೀ ತರಗತಿ ಅಬಕಾರಿ ಕಾಯಿದೆಯೆಂದೇ ಬರೆದುಕೊಂಡಿತ್ತು. ದಾರಿಯಲ್ಲಿ ನಡೆಯುವವನ ಮೇಲೆ ಸರ್ಕಾರಕ್ಕೆ ಯಾವತ್ತೂ ಅನುಮಾನವೇ. ಗಡಿಯೂ ಹಾಗೆ. 1956ರವರೆಗೆ ಕೂಟುಪುಳದಲ್ಲಿ ನಮ್ಮ ತಾತನ ಗಾಡಿಗೆ ಕೊಡಗು ಮುಗಿದು ಮದರಾಸಿನ ಮಲಬಾರು ಶುರು. ಆಮೇಲೆ ಮೈಸೂರು ಮುಗಿದು ಕೇರಳ ಶುರು. 2020ರ ಮಾರ್ಚಿನಲ್ಲಿ ಕೊರೊನಾ ಎಂದು ಮಾಕುಟ್ಟದ ರಸ್ತೆಗೆ ಮಣ್ಣು ಸುರಿದು ಮುಚ್ಚಿದರು. ಉಪ್ಪಿನ ದಾರಿಗೆ ಮಣ್ಣು ಬಿದ್ದದ್ದನ್ನು ತಾತ ನೋಡಲಿಲ್ಲ, ಪುಣ್ಯವಂತರು.

ತಲಚೇರಿಗೆ ಹೋಗುವಾಗ ನಾನು ಬರಿಗೈಯಲ್ಲಿ ಹೋಗಬಾರದೆಂದು ನಮ್ಮ ತೋಟದ ಮೆಣಸು ಎರಡು ಕಿಲೋ ಚೀಲದಲ್ಲಿ ಕಟ್ಟಿಕೊಂಡು ಹೋಗಿದ್ದೆ. ಉಮ್ಮ ಅಂಗೈಗೆ ಹಾಕಿಕೊಂಡು ಉಜ್ಜಿ, ಮೂಸಿ, ನಾಲ್ಕು ಕಾಳು ಹಲ್ಲಿನಲ್ಲಿ ಕಡಿದು ನೋಡಿದರು. ಕೊಳ್ಳುವವರು ನೋಡುವ ಹಾಗೇ. ರಾತ್ರಿ ಅದು ಮೀನಿನ ಜೊತೆ ತಟ್ಟೆಗೆ ಬಂತು, ಪತ್ತಿರಿ ಎಂಬ ಅಕ್ಕಿ ರೊಟ್ಟಿಯೊಂದಿಗೆ ತಿಂದೆ. ಅಲ್ಲಿ ನಮ್ಮ ಪಂದಿಕರಿ (ಹಂದಿಮಾಂಸದ ಸಾರು) ಕೇಳಲಾಗದು, ಇಲ್ಲಿ ಆ ಮೀನು ಸಿಗದು. ಎರಡು ಊಟಕ್ಕೂ ಮೆಣಸು ಒಂದೇ ಬಳ್ಳಿಯದು.

ಹೊರಡುವ ದಿನ ಯಜಮಾನರು ಬಿಲ್ಲು ಕೊಟ್ಟರು. ಎರಡು ರಾತ್ರಿ, ಊಟ, ಒಟ್ಟು ಇಷ್ಟು. ಅದರ ಕೆಳಗೆ ಒಂದು ಗೆರೆ: ಮೆಣಸು ಬಾಬ್ತು ಕಳೆದದ್ದು, ಅಂದಿನ ಮಾರುಕಟ್ಟೆಯ ದರದಲ್ಲಿ. ಅಯ್ಯೋ, ಅದು ಪ್ರೀತಿಯಿಂದ ತಂದದ್ದು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ‘ಮಾಷೆ, ಕೊಡಗಿನಿಂದ ಈ ಬಾಗಿಲಿಗೆ ಮೆಣಸು ಬಂದರೆ ಲೆಕ್ಕಕ್ಕೆ ಬರೆಯದೆ ಇರುವ ಅಭ್ಯಾಸ ನಮ್ಮಲ್ಲಿಲ್ಲ.’ ಬಸ್ಸಿನಲ್ಲಿ ಕೂತು, ಇರಿಟ್ಟಿ ದಾಟಿದ ಮೇಲೆ ಆ ಚೀಟಿ ತೆಗೆದು ಸರಿಯಾಗಿ ಓದಿದೆ. ಎರಡು ಕಿಲೋ ಎಂದಿರಲಿಲ್ಲ. ಒಂದು ಕಿಲೋ ಒಂಬೈನೂರ ಐವತ್ತು ಗ್ರಾಂ ಎಂದು ಬರೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಕಾರಣ ಕೊಟ್ಟಿದ್ದರು: ತೇವಕ್ಕೆ ಕಡಿತ.